ಮೊದಲ ಸಲ ಮಾತ್ರ ನೀರು

"ಇನ್ನೊಂದ್ಸಲ ಎಳೀರಿ ಸಾರ್," ಎಂದಳು ಇನ್ಶೂರೆನ್ಸ್ ಸರ್ವೇಯರ್.

ಶೆಡ್ಡಿನಲ್ಲಿ ನಿಲ್ಲಿಸಿದ್ದ, ಎಡಮಗ್ಗುಲು ನಜ್ಜುಗುಜ್ಜಾಗಿದ್ದ ನೀಲಿ ಕಾರಿನೊಳಗೆ ಹೇಗೋ ತೂರಿಕೊಂಡು ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮಾಲೀಕ ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು ತನ್ನತ್ತ ಎಳೆದ. ಎರವಲು ಬ್ಯಾಟರಿಯ ಬಲದಲ್ಲಿ ಎಲ್ಲೋ ಕೆಳಗೆ ಸಣ್ಣ ಮೋಟರೊಂದು ಗುಂಯ್ ಎಂದಿತು. ಬಿರುಕು ಬಿಟ್ಟ ಗಾಜಿನ ಮೇಲೆ ವೈಪರ್ ಕರಕರ ಸದ್ದು ಮಾಡುತ್ತಾ ಒಣಗಿದ ಕೆಸರನ್ನು ಕೆರೆಯಿತು. ನೀರು ಮಾತ್ರ ಒಂದು ಹನಿಯೂ ಚಿಮ್ಮಲಿಲ್ಲ.

"ಫ್ಯೂಸ್ ಹೋಗಿರುತ್ತೆ ಬಿಡಿ. ಇಷ್ಟಕ್ಕೆ ಅರ್ಧ ದಿನ ಬೇಕಾ?"

"ಫ್ಯೂಸ್ ಹೋಗಿದ್ರೆ ಮೋಟರ್ ಹಾಡ್ತಿತ್ತಾ ಸಾರ್?"

ಮಾಲೀಕ ಕಡ್ಡಿಯಿಂದ ಕೈ ತೆಗೆದ.

ಸೋಮವಾರ ಬೆಳಿಗ್ಗೆ ಬೈಪಾಸಿನಲ್ಲಿ ಮಣ್ಣಿನ ಲಾರಿಯೊಂದು ಎರಚಿದ ಕೆಸರು ಈ ಗಾಜನ್ನು ಮುಚ್ಚಿತ್ತು. ಕಲಿಯುವವರನ್ನು ಕರೆತರಲು ಒಬ್ಬಳೇ ಕಾರು ಓಡಿಸುತ್ತಿದ್ದ ಟೀಚರ್, ಎಂದರೆ ಆ ಸ್ಕೂಲಿನಲ್ಲಿ ಡ್ರೈವಿಂಗ್ ಕಲಿಸುವವಳು, ತಿರುವು ಕಾಣದೆ ತಡೆಗೋಡೆಗೆ ಗುದ್ದಿ ಆಸ್ಪತ್ರೆ ಸೇರಿದ್ದಳು. ಸ್ಟ್ರೆಚರಿನ ಮೇಲೆ ಅವಳು ಹೇಳಿದ್ದು ಒಂದೇ ಮಾತು. 'ನೀರು ಬರ್ಲಿಲ್ಲ.' ಆಮೇಲೆ ಕಣ್ಣು ತೆರೆದಿದ್ದಾಳೆ, ಮಾತಾಡಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಈ ಕೇಸನ್ನು ಸರ್ವೇಯರಿಗೆ ಯಾರೂ ಕೊಟ್ಟಿರಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಪಕ್ಕದ ಮೇಜಿನವನ ಕೈಯಿಂದ ಕಿತ್ತುಕೊಂಡಿದ್ದಳು. ಅದೇ ಡ್ರೈವಿಂಗ್ ಸ್ಕೂಲಿನಲ್ಲಿ ಅವಳ ಗಂಡನೂ ಕಲಿಸುತ್ತಾನೆ ಎಂಬುದನ್ನು ಮೇಲಿನವರಿಗೆ ತಿಳಿಸಿರಲಿಲ್ಲ. ಯಾಕೆ ಇಷ್ಟು ಆಸಕ್ತಿ ಎಂದು ಕೇಳಿದರೆ ಅವಳು ಹತ್ತು ಕಾರಣ ಕೊಡುತ್ತಿದ್ದಳು. ನಿಜವಾದ ಕಾರಣ ಹೊಟ್ಟೆಕಿಚ್ಚು. ಆರು ತಿಂಗಳಿಂದ ಊಟದ ತಟ್ಟೆಯ ಮುಂದೆ ಗಂಡನ ಬಾಯಲ್ಲಿ ಟೀಚರ್ ಹಾಗೆ, ಟೀಚರ್ ಹೀಗೆ. ಟೀಚರ್ ರಿವರ್ಸ್ ತೆಗೆಯುವುದನ್ನು ನೋಡಬೇಕಂತೆ. ಟೀಚರ್ ಒಮ್ಮೆಯೂ ಕಲಿಯುವವರ ಮೇಲೆ ರೇಗಿಲ್ಲವಂತೆ. ಅದರ ಮೇಲೆ, ಮಧ್ಯಾಹ್ನದ ಹೊತ್ತು ಆ ನೀಲಿ ಕಾರು ತನ್ನ ಮನೆಯ ಬೀದಿಯ ತಿರುವಿನಲ್ಲಿ ನಿಂತಿರುತ್ತದೆ ಎಂದು ಕೆಳಗಿನ ಮನೆಯಾಕೆ ಎರಡು ಸಲ ಹೇಳಿದ್ದಳು. ಯಾಕೆ ಎಂದು ಕೇಳಿದರೆ ಗಂಡ ಮಾತು ತಿರುಗಿಸಿದ್ದ.

'ಆ ಕೇಸು ನೀನು ತಗೋಬೇಡ,' ಎಂದೂ ಅವನೇ ಹೇಳಿದ್ದ. ಅಷ್ಟು ಸಾಕಾಗಿತ್ತು, ತಗೊಳ್ಳುವುದಕ್ಕೆ.

ಅವಳು ಉಡುಪಿಗೆ ಚುಚ್ಚಿಕೊಂಡಿದ್ದ ಪಿನ್ನನ್ನು ತೆಗೆದು ಬಾನೆಟ್ಟಿನ ಮೇಲಿನ ನೀರಿನ ತೂತುಗಳಿಗೆ ಹಾಕಿ ನೋಡಿದಳು. ಪಿನ್ನು ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಕಸ ಕಟ್ಟಿರಲಿಲ್ಲ. ತೂತಿಗೆ ಬರುವ ರಬ್ಬರ್ ಪೈಪನ್ನು ಕಿತ್ತು ಮತ್ತೆ ಕಡ್ಡಿ ಎಳೆಸಿದಳು. ಪೈಪಿನ ಬಾಯಿ ಒಣಗಿತ್ತು. ಪೈಪು ಎಲ್ಲೂ ಮಡಚಿರಲಿಲ್ಲ, ಹರಿದಿರಲಿಲ್ಲ.

"ಹಾಗಾದ್ರೆ ಟೀಚರ್ ಟ್ಯಾಂಕಿಗೆ ನೀರೇ ಹಾಕಿಲ್ಲ," ಎಂದ ಮಾಲೀಕ ಹೊರಗೆ ಬರುತ್ತಾ. "ಅವಳದೇ ಅಸಡ್ಡೆ. ಪಾಪ, ಹೇಳಬಾರದು." ಹೇಳಬಾರದು ಎಂದವನು ಹೇಳಿಯಾಗಿತ್ತು.

ಅವಳಿಗೂ ಹಾಗೆಯೇ ಬರೆಯುವ ಆಸೆ. 'ಚಾಲಕಿಯ ಅಸಡ್ಡೆ.' ಎರಡೇ ಪದ. ಆ ಎರಡು ಪದವನ್ನು ಗಂಡನ ಮುಂದೆ ಹಿಡಿದು, ನೋಡಿ ನಿಮ್ಮ ಟೀಚರಿನ ಶಿಸ್ತು ಎನ್ನಬೇಕು ಅಂತ ನಾಲಿಗೆ ತುರಿಸುತ್ತಿತ್ತು.

ಆದರೆ ಹೊಟ್ಟೆಕಿಚ್ಚಿನವರಿಗೆ ಒಂದು ಶಾಪ ಇರುತ್ತದೆ, ಯಾವುದೂ ಮರೆಯುವುದಿಲ್ಲ. ಗಂಡ ಟೀಚರನ್ನು ಹೊಗಳಿದ ಮಾತೊಂದೊಂದೂ ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. 'ಸೀಟು, ಕನ್ನಡಿ, ನೀರು. ನಮ್ಮ ಸ್ಕೂಲಿನ ನಿಯಮ. ನೀರು ಚಿಮ್ಮಿಸಿ ನೋಡದೆ ಯಾರೂ ಗಾಡಿ ಎತ್ತೋ ಹಾಗಿಲ್ಲ. ನಾವೆಲ್ಲ ಒಂದಿನ ಮರೀತೀವಿ. ಟೀಚರ್ ಮರೆಯಲ್ಲ ಕಣೇ.'

ಮರೆಯುವುದಿಲ್ಲ ಎಂದರೆ ಸೋಮವಾರವೂ ನೀರು ಚಿಮ್ಮಿಸಿ ನೋಡಿಯೇ ಹೊರಟಿದ್ದಾಳೆ. ಆಗ ಬಂದ ನೀರು ಬೈಪಾಸಿನಲ್ಲಿ ಎಲ್ಲಿ ಹೋಯಿತು?

ಮಾಲೀಕನ ಫೋನು ಬಡಿದುಕೊಂಡಿತು. "ಹೊಸ ಗಾಡಿ ಬಂತಂತೆ. ಸಂಜೆ ನಿಮ್ಮ ಯಜಮಾನ್ರಿಗೇ ಕೊಡ್ತೀನಿ, ಖುಷಿ ಪಡ್ತಾರೆ. ಇದನ್ನ ನಾಳೆ ಗುಜರಿಗೆ ಹಾಕ್ಬಿಡ್ಲಾ ಸರ್ವೇಯರಮ್ಮ? ನಿಮ್ಮ ಯಜಮಾನ್ರೂ ಅದನ್ನೇ ಹೇಳ್ತಿದ್ರು, ಬೇಗ ತೆಗೆಸಿ ಅಂತ."

"ಅವ್ರು ಹೇಳಿದ್ರಾ?"

"ಒಂದು ಸಲ ಅಲ್ಲ, ಮೂರು ಸಲ," ಎಂದು ಮಾಲೀಕ ಫೋನು ಕಿವಿಗಿಟ್ಟುಕೊಂಡು ಹೊರಟುಹೋದ.

ಅವನು ಮರೆಯಾಗುವ ತನಕ ಅವಳು ಕಾದಳು. ಬಾಟಲಿಯ ನೀರನ್ನು ಟ್ಯಾಂಕಿನ ಬಾಯಿಗೆ ಸುರಿದಳು. ಸುರಿದಷ್ಟೂ ನೀರು ಕೆಳಗಿನಿಂದ ಅವಳ ಚಪ್ಪಲಿಯ ಮೇಲೆಯೇ ಬಿತ್ತು.

ಬಲಚಕ್ರದ ಒಳಗಿನ ಪ್ಲಾಸ್ಟಿಕ್ ಮರೆಯನ್ನು ಬಿಚ್ಚಿದಳು. ಈ ಮಗ್ಗುಲಿಗೆ ಗುದ್ದು ತಾಗಿರಲಿಲ್ಲ. ಟ್ಯಾಂಕು ಹಾಗೇ ಇತ್ತು. ಅದರ ತಳದಲ್ಲಿ ಹೆಬ್ಬೆರಳು ಗಾತ್ರದ ಮೋಟರು ಸಿಕ್ಕಿಸಿದ್ದೂ ಹಾಗೇ ಇತ್ತು. ಇರಬೇಕಾದದ್ದರಲ್ಲಿ ಇಲ್ಲದ್ದು ಒಂದೇ. ಮೋಟರು ಮತ್ತು ಟ್ಯಾಂಕಿನ ನಡುವೆ ನೀರು ಸೋರದಂತೆ ಕೂರುವ ರಬ್ಬರ್ ಉಂಗುರ.

ಉಂಗುರದ ಜಾಗದಲ್ಲಿ ಬೇರೆ ಏನೋ ಮೆತ್ತಿಕೊಂಡಿತ್ತು. ಬೆರಳಿಟ್ಟರೆ ಜಾರಿತು. ಹಸಿರು. ಉಜ್ಜಿದರೆ ನೊರೆ.

ಸೋಪು.

ಎಂಥಾ ಉಪಾಯ! ಉಂಗುರ ತೆಗೆದು ಸೋಪು ಮೆತ್ತಿದರೆ ಸ್ವಲ್ಪ ಹೊತ್ತು ನೀರು ನಿಲ್ಲುತ್ತದೆ. ಕಡ್ಡಿ ಎಳೆದರೆ ಜುಮ್ಮೆಂದು ಚಿಮ್ಮುತ್ತದೆ. ನಿಯಮ ಪಾಲಿಸಿದವರು ನಿಶ್ಚಿಂತೆಯಾಗಿ ಹೊರಡುತ್ತಾರೆ. ದಾರಿಯಲ್ಲಿ ಸೋಪು ಕರಗುತ್ತದೆ, ಟ್ಯಾಂಕು ಬರಿದಾಗುತ್ತದೆ. ಬೇರೆ ಯಾವ ರಸ್ತೆಯಲ್ಲಾದರೂ ಇದು ಕೀಟಲೆ. ಲಾರಿಗಳು ಕೆಸರು ಎರಚುವ ಆ ಬೈಪಾಸಿನ ತಿರುವಿನಲ್ಲಿ ಇದು ಕೊಲೆ. ಮಾಡಿದವರಿಗೆ ಸ್ಕೂಲಿನ ನಿಯಮ ಗೊತ್ತಿತ್ತು.

ಬೆರಳನ್ನು ಮೂಗಿನ ಹತ್ತಿರ ತಂದಳು.

ನಿಂಬೆಹುಲ್ಲು. ಅದರೊಳಗೆ ಕಪ್ಪು ಕಪ್ಪಾಗಿ ಕಾಫಿ ಚರಟದ ಕಾಳು. ಈ ಸೋಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದನ್ನು ಮಾಡಿದ್ದು ಅವರ ಜೊತೆಯಲ್ಲೇ ಇರುವ ಅವಳ ಅಮ್ಮ, ಅವಳ ಮನೆಯ ಅಡುಗೆಮನೆಯಲ್ಲಿ. ಚರಟ ಹಾಕಿ ಮಾಡಿದ್ದು ಇದೇ ಮೊದಲು. ಉಳಿದ ತುಂಡುಗಳೆಲ್ಲ ಇನ್ನೂ ಅಟ್ಟದ ಮೇಲೆ ಒಣಗುತ್ತಿವೆ. ಹೇಗಿದೆ ನೋಡೋಣ ಎಂದು ಕೆಳಗಿಳಿಸಿದ್ದು ಒಂದೇ ತುಂಡು, ಅದು ಇದ್ದದ್ದು ಅವಳ ಮನೆಯ ಬಚ್ಚಲಲ್ಲಿ.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಒಂದು ಚಿಂದಿ ಬಟ್ಟೆ, ಒಂದು ಬಾಟಲಿ ನೀರು, ಒರೆಸಿದರೆ ಮುಗಿಯಿತು. ಚಿಂದಿಯನ್ನು ಕೈಗೆ ತಗೊಂಡಳು ಕೂಡ. ಆಮೇಲೆ ಅದನ್ನು ಬಿಸಾಕಿ, ಸೋಪನ್ನು ಕೆರೆದು ಸ್ಯಾಂಪಲ್ ಕವರಿಗೆ ಹಾಕಿದಳು. ಕವರಿನ ಮೇಲೆ ಏನು ಬರೆಯಬೇಕು ಎಂದು ತೋಚದೆ ಹಾಗೇ ಬ್ಯಾಗಿಗೆ ಸೇರಿಸಿದಳು.

* * *

ಬಚ್ಚಲ ಸೋಪಿನ ಡಬ್ಬಿಯಲ್ಲಿ ಅಂಗಡಿಯ ಬಿಳಿ ಸೋಪು ಕೂತಿತ್ತು.

ಹಸಿರು ಸೋಪು ಸಿಕ್ಕಿದ್ದು ಗಂಡನ ಬೀರುವಿನಲ್ಲಿ, ಚಳಿಗಾಲದ ಕಾಲುಚೀಲದೊಳಗೆ. ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ. ಎರಡು ಮೂಲೆ ಇರಲಿಲ್ಲ. ಒಂದು ಮೂಲೆ ಅಡ್ಡಾದಿಡ್ಡಿ ಹೋಗಿ, ಬಳಸಿ ಬಳಸಿ ನುಣ್ಣಗಾಗಿತ್ತು. ಇನ್ನೊಂದು ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರ, ಅಂಚು ಇನ್ನೂ ಚೂಪು.

ಸರ್ವೇಯರ್ ಅದನ್ನು ಊಟದ ಮೇಜಿನ ನಟ್ಟನಡುವೆ ಇಟ್ಟು ಕಾದಳು. ಹೊಟ್ಟೆಕಿಚ್ಚು ಈಗ ಬೇರೆ ಬಣ್ಣಕ್ಕೆ ತಿರುಗಿತ್ತು. ಪ್ರೀತಿ ಮಾಡಿದವಳನ್ನು ಯಾರಾದರೂ ಕೊಲ್ಲಲು ನೋಡುತ್ತಾರೆಯೇ? ನೋಡುತ್ತಾರೆ, ಅವಳು ಬೇರೆಯವರ ಕಡೆ ತಿರುಗಿದರೆ. ಛೀ, ತನ್ನ ಗಂಡ ಕೊಲೆಗಾರನೋ ಅಲ್ಲವೋ ಎಂಬುದಕ್ಕಿಂತ, ಅವನು ಅಷ್ಟು ಪ್ರೀತಿಸಿದ್ದನೇ ಎಂಬುದೇ ತನ್ನನ್ನು ಹೆಚ್ಚು ಸುಡುತ್ತಿದೆ ಎಂದು ಅವಳಿಗೆ ನಾಚಿಕೆಯಾಯಿತು.

ಸಂಜೆ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಗಂಡ ಬಂದ. ಕೈಯಲ್ಲಿ ಮನೆಯದೇ ಫ್ಲಾಸ್ಕು. ಮೈಯಿಂದ ಆಸ್ಪತ್ರೆ ವಾಸನೆ.

"ಸೂಪು ಕುಡಿದ್ಲಾ?"

"ನಾಲ್ಕು ಚಮಚ."

"ನೀವೇ ಕುಡಿಸಿದ್ರಾ, ನರ್ಸ್ ಇರ್ಲಿಲ್ವಾ?"

"ಶುರು ಮಾಡ್ಬೇಡ ಕಣೇ. ಸುಸ್ತಾಗಿದೆ..." ಎಂದವನ ಮಾತು ಮೇಜಿನ ಮೇಲೆ ಕಣ್ಣು ಬಿದ್ದು ಅರ್ಧಕ್ಕೆ ನಿಂತಿತು. ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟ. "ಇದನ್ನ ಯಾಕೆ ತೆಗ್ದೆ?"

"ಬಚ್ಚಿಟ್ಟಿದ್ದು ಯಾಕೆ, ಅದನ್ನ ಹೇಳಿ ಮೊದ್ಲು."

"ನಿನಗೋಸ್ಕರ."

"ಏನು?"

"ನಿನಗೋಸ್ಕರ ಅಂದೆ!" ಅವನ ದನಿ ಒಡೆಯಿತು. "ಸೋಮವಾರ ಗಾಡಿ ಎಳ್ಕೊಂಡು ಬರೋಕೆ ನಾನೂ ಹೋಗಿದ್ದೆ. ಚಕ್ರದ ಹತ್ರ ಹಸಿರು ನೊರೆ ಇಳೀತಿತ್ತು. ಕಾಫಿ ಚರಟ ಬೇರೆ. ಮನೆಗೆ ಬಂದು ನೋಡಿದ್ರೆ ಸೋಪಿನ ಮೂಲೆ ಹೊಸದಾಗಿ ಕೊಯ್ದಿದೆ. ಗಾಡಿ ರಿಪೇರಿ ಗೊತ್ತಿರೋ ಹೆಂಗಸು ಈ ಮನೇಲಿ ಯಾರು? ಟೀಚರ್ ಹೆಸರು ಹೇಳಿದ್ರೆ ಮೈ ಪರಚ್ಕೊಳ್ಳೋರು ಯಾರು? ಕೇಸು ತಗೋಬೇಡ ಅಂದೆ. ಗಾಡಿ ಗುಜರಿಗೆ ಹಾಕ್ಸಿ ಅಂದೆ. ಇನ್ನೇನು ಮಾಡ್ಬೇಕಿತ್ತು ನಾನು?"

ಅವಳು ಸೋಪನ್ನು ಮೇಜಿನ ಮೇಲೆ ದೂರ ತಳ್ಳಿದಳು. ನಾಲ್ಕು ದಿನದಿಂದ ಈ ಮನುಷ್ಯ ತನ್ನ ಹೆಂಡತಿ ಕೊಲೆಗಾತಿ ಎಂದುಕೊಂಡೇ ಅವಳ ಪಕ್ಕ ಮಲಗಿ ಎದ್ದಿದ್ದಾನೆ. ಎಂಥ ಧೈರ್ಯ. ಒಂದು ಕ್ಷಣ ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು.

"ನಾನಲ್ಲ ರೀ."

"ನಾನೂ ಅಲ್ಲ."

"ಎರಡು ಮೂಲೆ ಹೋಗಿದೆ."

"ಒಂದು ಯಾರು ಕೊಯ್ದಿದ್ದು ಅಂತ ನಂಗೊತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಯಾರು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಅಷ್ಟು ಸಾಕಿತ್ತು. ಆರಿದ್ದು ಮತ್ತೆ ಹೊತ್ತಿಕೊಂಡಿತು. "ಟೀಚರಿಗೆ ಮಾತು ಕೊಟ್ಟಿದ್ದೀರಿ, ಅಲ್ವಾ? ಮಧ್ಯಾಹ್ನ ಮಧ್ಯಾಹ್ನ ಇಲ್ಲಿ ಬಂದು ನನ್ನ ಬಚ್ಚಲಲ್ಲಿ ಕೈ ತೊಳೆದು ಹೋಗ್ತಿದ್ಲಾ? ಎಲ್ಲಾ ಗೊತ್ತು ನಂಗೆ. ಗುಸುಗುಸು ಫೋನು, ತಿರುವಿನಲ್ಲಿ ಗಾಡಿ."

"ಗುಸುಗುಸು ಮಾಡಿದ್ದು ಹೌದು. ನಾನೂ ಅವಳೂ ಬೇರೆ ಸ್ಕೂಲ್ ತೆಗೀಬೇಕು ಅಂತಿದ್ವಿ. ಮಾಲೀಕನ ಕಿವಿಗೆ ಬೀಳಬಾರದು ಅಂತ ಮೆಲ್ಲಗೆ ಮಾತಾಡಿದ್ವಿ. ನಿಂಗೆ ಹೇಳಿದ್ರೆ, ಅವಳ ಜೊತೇನೇ ಯಾಕೆ ಅಂತ ಮೂರು ದಿನ ಊಟ ಬಿಡ್ತಿದ್ದೆ."

"ಬಿಡ್ತಿರ್ಲಿಲ್ಲ."

"ಬಿಡ್ತಿದ್ದೆ ಕಣೇ! ಸೋಮವಾರ ಬೆಳಿಗ್ಗೆ ಏನು ಮಾಡಿದೆ? ಟೀಚರ್ ಅಂತ ಒಂದು ಶಬ್ದ ಅಂದಿದ್ದಕ್ಕೆ ಬಾಗಿಲಿಗೆ ಅಡ್ಡ ನಿಂತೆ. ನಾನು ಹೊರಡೋ ಹೊತ್ತು ಮೀರಿತು. ಬೈಪಾಸ್ ಕ್ಲಾಸು ನಂದು ಕಣೇ. ಆ ನೀಲಿ ಗಾಡೀಲಿ ಹೋಗ್ಬೇಕಾಗಿದ್ದವನು ನಾನು. ತಡ ಆಗುತ್ತೆ, ನೀನೇ ಹೋಗು ಅಂತ ಅವಳಿಗೆ ಫೋನ್ ಮಾಡಿದೆ. ನನ್ನ ಬದಲು ಅವಳು ಮಲಗಿದ್ದಾಳೆ ಅಲ್ಲಿ. ಸೂಪು ಕುಡಿಸಬಾರದಾ ನಾನು?"

ಕೆಳಗೆ ರಸ್ತೆಯಲ್ಲಿ ಹಾರನ್ ಎರಡು ಸಲ ಕೂಗಿತು.

ಗಂಡ ಕಣ್ಣೊರೆಸಿಕೊಂಡು ಎದ್ದ. "ಮಾಲೀಕರು. ಹೊಸ ಗಾಡಿ ತಂದಿರಬೇಕು. ಬೈಪಾಸ್ ತನಕ ಒಂದು ರೌಂಡ್ ಹೋಗಿ ಬರ್ತೀನಿ. ಅಷ್ಟರಲ್ಲಿ ನನ್ನ ಜೈಲಿಗೆ ಹಾಕೋದಾ ಬೇಡ್ವಾ ಯೋಚನೆ ಮಾಡು."

ಬಾಗಿಲು ಬಡಿದುಕೊಂಡಿತು. ಕರೆಯಬೇಕು ಎನಿಸಿತು, ಕರೆಯಲಿಲ್ಲ. ಕರೆದರೆ ಸೋತ ಹಾಗೆ. ಮೂರು ಮಹಡಿ ಇಳಿಯುವ ಅವನ ಹೆಜ್ಜೆ ಸದ್ದನ್ನು ಕೇಳುತ್ತಾ ಕೂತಳು.

"ಆ ಮೂಲೆ ಕೊಯ್ದಿದ್ದು ನಾನೇ ಮಗಳೇ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತರಕಾರಿ ಚಾಕು ಹಾಗೇ ಇತ್ತು. ಮುಖ ಮಾತ್ರ ಕದ್ದು ಸಿಕ್ಕಿಬಿದ್ದವರ ಹಾಗಿತ್ತು.

"ನೀನಾ?"

"ಬೈಬೇಡ. ನಾನು ಟೀಚರ್ ಹತ್ರ ಕಾರು ಕಲೀತಿದ್ದೀನಿ. ಈ ವಯಸ್ಸಿಗೆ ಬೇಕಾ ಅಂತ ನೀನು ಅಂತೀಯ ಅಂತ ಅಳಿಯಂದ್ರ ಬಾಯಿಗೆ ಬೀಗ ಹಾಕ್ಸಿದ್ದೆ. ನೀನು ಆಫೀಸಿಗೆ ಹೋದ ಮೇಲೆ ಅವಳು ತಿರುವಿನ ಹತ್ರ ಬರ್ತಿದ್ಲು."

ಆರು ತಿಂಗಳ ಹೊಟ್ಟೆಯುರಿ ಒಂದು ಮುದುಕಿಯ ಡ್ರೈವಿಂಗ್ ಕ್ಲಾಸಿಗೆ ಖರ್ಚಾಗಿತ್ತು. ಸರ್ವೇಯರಿಗೆ ಕುರ್ಚಿ ಬೇಕಾಯಿತು, ಕೂತೇ ಇದ್ದಾಳೆ ಎಂಬುದು ಆಮೇಲೆ ನೆನಪಾಯಿತು.

"ಹೋದ ವಾರ ಆ ನೀಲಿ ಗಾಡಿ ಕೆಳಗೆ ನೀರು ಸೋರ್ತಿತ್ತು," ಎಂದಳು ಅಮ್ಮ. "ರಬ್ಬರ್ ಹಳೇದಾಗಿ ಸೀಳಿತ್ತು. ನಿಮ್ಮಪ್ಪ ಟ್ಯಾಕ್ಸಿ ಓಡಿಸ್ತಿದ್ದಾಗ ಪೆಟ್ರೋಲ್ ಟ್ಯಾಂಕ್ ಸೋರಿದ್ರೆ ಸೋಪು ಮೆತ್ತಿ ವಾರಗಟ್ಟಲೆ ಓಡಿಸ್ತಿರ್ಲಿಲ್ವಾ? ಅದೇ ನೆನಪಲ್ಲಿ ನಾನೂ ಓಡಿ ಬಂದು ಈ ಸೋಪಿನ ಮೂಲೆ ಕೊಯ್ದು ಮೆತ್ತಿದೆ. ಪೆಟ್ರೋಲಿಗೆ ನಿಲ್ಲೋದು ನೀರಿಗೆ ನಿಲ್ಲುತ್ತಾ? ಅರ್ಧ ದಾರೀಲಿ ಕರಗಿ ಹೋಯ್ತು. ಟೀಚರ್ ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನ ಅಳಿಯಂದ್ರು ಹೊಸ ರಬ್ಬರ್ ಹಾಕಿದ್ರು. ನನ್ನ ಕಣ್ಣೆದುರಿಗೇ."

"ಹೊಸದು ಹಾಕಿದ್ರಾ?" ಸರ್ವೇಯರ್ ಸೋಪನ್ನು ತಿರುಗಿಸಿದಳು. "ಹಾಗಾದ್ರೆ ಈ ಮೂಲೆ? ಈ ನೇರವಾಗಿರೋದು?"

"ನಾನು ಕೊಯ್ದಿದ್ದು ಒಂದೇ ಮೂಲೆ."

"ನೀನು ಸೋಪು ಮೆತ್ತಿದ ಕಥೆ ಇನ್ಯಾರಿಗೆ ಗೊತ್ತು?"

"ಸ್ಕೂಲಿಗೆಲ್ಲ ಗೊತ್ತು. ಟೀಚರ್ ಹೇಳಿ ನಗಿಸಿದ್ಲಂತೆ. ನನ್ನ ಮುಂದೆಯೂ ಆಡಿ ತೋರಿಸಿದ್ರು ನಿಮ್ಮ ಮಾಲೀಕರು, ಭಾನುವಾರ ಬಂದಾಗ."

"ಯಾವಾಗ ಬಂದಿದ್ರು?"

"ನೀವಿಬ್ರೂ ಸಿನಿಮಾಕ್ಕೆ ಹೋಗಿದ್ರಲ್ಲ, ಆವಾಗ. ನಾಳೆ ಬೈಪಾಸ್ ಕ್ಲಾಸಿಗೆ ನೀಲಿ ಗಾಡೀನೇ ತಗೋಬೇಕು ಅಂತ ಅಳಿಯಂದ್ರಿಗೆ ಹೇಳಿ ಅಂದ್ರು. ರಾತ್ರಿ ನಾನು ಹೇಳಿದೆ ಕೂಡ. ಹೊರಡೋ ಮುಂಚೆ ಕೈ ತೊಳ್ಕೊಂಡು ಬರ್ತೀನಿ ಅಂತ ಬಚ್ಚಲಿಗೆ ಹೋದ್ರು." ಅಮ್ಮನ ಕೈಯ ಚಾಕು ನಿಧಾನವಾಗಿ ಕೆಳಗಿಳಿಯಿತು. "ಎಷ್ಟು ಹೊತ್ತು ತೊಳೆದ್ರು ಅಂತೀಯ..."

ಸರ್ವೇಯರಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಹೊಸ ಸ್ಕೂಲಿನ ಗುಸುಗುಸು ಮಾಲೀಕನ ಕಿವಿಗೆ ಬಿದ್ದೇ ಇರಬೇಕು. ತನ್ನ ಸ್ಕೂಲನ್ನು ಬರಿದು ಮಾಡಿ ಹೋಗಲಿದ್ದ ಇಬ್ಬರ ಮೇಲೆ ಮಾಲೀಕನಿಗೆ ಇದ್ದದ್ದೂ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಅದೇ ಉರಿ. ಅವನು ಗುರಿ ಇಟ್ಟದ್ದು ಅವಳ ಗಂಡನಿಗೆ. ಬಳಸಿದ್ದು ಅವಳ ಮನೆಯ ಸೋಪು, ಯಾಕೆಂದರೆ ಸಿಕ್ಕಿಬಿದ್ದರೆ ಹೊಟ್ಟೆಕಿಚ್ಚಿನ ಹೆಂಡತಿ ಎಂದು ಊರೇ ನಂಬುತ್ತದೆ. ಗಂಡನೇ ನಂಬಿದ್ದ. ಅವಳ ಜಗಳ ಅವನನ್ನು ಉಳಿಸಿತ್ತು, ಟೀಚರನ್ನು ಮಲಗಿಸಿತ್ತು.

ಕೊಯ್ದ ಮೂಲೆ ಇನ್ನೊಂದು ಗಾಡಿಗೂ ಸಾಕಾಗುವಷ್ಟಿತ್ತು. ಇವತ್ತು ಅವಳು ಬಾಗಿಲಿಗೆ ಅಡ್ಡ ನಿಂತಿರಲಿಲ್ಲ.

ಬಾಲ್ಕನಿಗೆ ಓಡಿದಳು. ಕೆಳಗೆ ಹೊಸ ಕೆಂಪು ಕಾರು ಬಿಸಿಲಿಗೆ ಮಿನುಗುತ್ತಿತ್ತು. ಗಂಡ ಒಳಗೆ ಕೂತು ಬೆಲ್ಟು ಹಾಕಿಕೊಳ್ಳುತ್ತಿದ್ದ. ಮಾಲೀಕ ಕಾರಿನೊಳಗೆ ಹತ್ತಲಿಲ್ಲ. ಹೊರಗಿನಿಂದಲೇ ಬಾಗಿಲು ಹಾಕಿ, ಹೋಗಿ ಬಾ ಎಂಬಂತೆ ಮೇಲೆ ತಟ್ಟಿದ.

"ರೀ! ಇಳೀರಿ! ರೀ!"

ಕಿಟಕಿಗಾಜು ಏರಿತ್ತು. ಫೋನು ಮಾಡಿದಳು. ಗಂಡನ ಫೋನು ಅವಳ ಬೆನ್ನ ಹಿಂದೆ, ಊಟದ ಮೇಜಿನ ಮೇಲೆ, ಸೋಪಿನ ಪಕ್ಕದಲ್ಲೇ ಹಾಡತೊಡಗಿತು.

ಒಳಗೆ ಕೂತವನು ಸೀಟು ಸರಿ ಮಾಡಿಕೊಂಡ. ಕನ್ನಡಿ ನೋಡಿಕೊಂಡ. ಆಮೇಲೆ ಕಡ್ಡಿ ಎಳೆದ. ಎರಡು ತೂತುಗಳಿಂದ ನೀರು ಬೆಳ್ಳಗೆ ಚಿಮ್ಮಿ ಗಾಜಿನ ತುಂಬ ಹರಡಿತು. ವೈಪರ್ ಒಂದು ಸಲ ಹೋಗಿ ಬಂತು. ಗಾಜು ಫಳಫಳ ಎಂದಿತು.

"ನೀರು ಬಂತಲ್ಲ ಮಗಳೇ," ಎಂದಳು ಪಕ್ಕಕ್ಕೆ ಬಂದ ಅಮ್ಮ, ಆಸೆಯಿಂದ.

"ಮೊದಲ ಸಲ ಬಂದೇ ಬರುತ್ತಮ್ಮ!"

ಕಾರು ಹೊರಟು ತಿರುವಿನಲ್ಲಿ ಮರೆಯಾಯಿತು. ಅದು ನಿಂತಿದ್ದ ಜಾಗದಲ್ಲಿ, ಬಲಚಕ್ರದ ಪಕ್ಕಕ್ಕೆ, ಒಣ ರಸ್ತೆಯ ಮೇಲೆ ಅಂಗೈಯಷ್ಟು ಒದ್ದೆ ಇತ್ತು. ಅಲ್ಲಿಂದ ಒಂದು ಸಣ್ಣ ತೇವದ ಗೆರೆ ಕಾರು ಹೋದ ದಾರಿಯಲ್ಲೇ ಹೋಗಿತ್ತು.

ಅವಳು ಬರಿಗಾಲಲ್ಲೇ ಮೆಟ್ಟಿಲಿಳಿದಳು. ಸ್ಕೂಟರಿನ ಕೀ ಮುಷ್ಟಿಯಲ್ಲಿ ಚುಚ್ಚುತ್ತಿತ್ತು. ಅಡ್ಡರಸ್ತೆ ಹಿಡಿದರೆ ಬೈಪಾಸಿನ ಬಾಯಿಗೆ ಅವನಿಗಿಂತ ಮೊದಲೇ ಮುಟ್ಟಬಹುದು. ಎರಡನೇ ಮಹಡಿ, ಒಂದನೇ ಮಹಡಿ. ಕೊನೆಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು.

ಕಿರಿದಾದ ಮೆಟ್ಟಿಲಿನ ತುಂಬ ಅಡ್ಡಲಾಗಿ ಮಾಲೀಕ ಮೇಲೆ ಬರುತ್ತಿದ್ದ. ಅವಸರವೇ ಇರಲಿಲ್ಲ ಅವನಿಗೆ. ಹಸಿರು ಮೆತ್ತಿದ ಎರಡೂ ಅಂಗೈಗಳನ್ನು ಬಟ್ಟೆಗೆ ತಾಗದಂತೆ ಮುಂದಕ್ಕೆ ಹಿಡಿದುಕೊಂಡಿದ್ದ.

"ಎಲ್ಲಿಗೆ ಹೊರಟ್ರಿ ಸರ್ವೇಯರಮ್ಮ?" ಎಂದ. "ಸ್ವಲ್ಪ ಕೈ ತೊಳ್ಕೋಬೇಕಿತ್ತು."